ಗುಂಪಿಗೊಂದು ಹೆಸರು

ಆಡಿಯೊ ಬಂದಾಗ ನೀತಾ ಊಟದ ಡಬ್ಬಿ ಬಿಚ್ಚುತ್ತಿದ್ದಳು. ಗುರುತಿಲ್ಲದ ನಂಬರು, ಕೆಳಗೆ ಒಂದೇ ಸಾಲು: 'ನೀವು ಹುಡುಕುತ್ತಿರುವುದು ಇದರಲ್ಲಿದೆ.' ಇಂಥ ಸಾಲು ಬರೆಯುವವರು ಸಾಮಾನ್ಯವಾಗಿ ತಲೆ ಕೆಟ್ಟವರು, ಇಲ್ಲವೇ ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡವರು. ಪುಣೆಯ ವಿಮಾನ ನಗರದ ಸಣ್ಣ ಸುದ್ದಿ ಕಚೇರಿಯಲ್ಲಿ ಕೂತು, ಜನರ ಮೊಬೈಲಿನಲ್ಲಿ ಓಡಾಡುವ ಸುಳ್ಳುಗಳ ಬೆನ್ನು ಹತ್ತುವುದೇ ಅವಳ ಸಂಬಳದ ಕೆಲಸವಾದ್ದರಿಂದ, ಇಂಥವು ಅವಳಿಗೆ ಬರುತ್ತಲೇ ಇರುತ್ತಿದ್ದವು. ತಾತ್ಸಾರದಿಂದಲೇ ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡಳು.

ವಯಸ್ಸಾದ ಹೆಂಗಸಿನ ದನಿ. ವಿಜಯಪುರ ಕಡೆಯ ಕನ್ನಡ. ಯಾರೋ ತಂಗಿಯ ಜೊತೆ ಫೋನಿನಲ್ಲಿ ಮಾತಾಡಿದ ಹಾಗಿತ್ತು. ಕೆಳಗೆ ಯಾರೋ ಮುತುವರ್ಜಿ ವಹಿಸಿ, ಇದು ಶಿವಪುತ್ರಪ್ಪನ ಹೆಂಡತಿಯ ಮಾತು ಎಂದು ಮರಾಠಿಯಲ್ಲಿ ಅದರ ಅರ್ಥ ಬರೆದಿದ್ದರು.

"ಯಾರ ಮುಂದೂ ಅನಬ್ಯಾಡವ್ವಾ. ಆ ಹೊಟೇಲಿನ ವಿಡಿಯೊ ಅದ ಅಲ್ಲ, ಅದನ್ನ ನಮ್ಮ ಶಿವಪುತ್ರಪ್ಪನವ್ರ ಬಿಡಿಸ್ಯಾರ. ಹೊಟೇಲ್ ಮುಚ್ಚಿ ಹೋತಂದ್ರ ಆ ಜಾಗಾ ನಮಗ ಬರತದ ಅಂತ. ನನ್ನ ಎದಿ ಡವಡವ ಅನ್ನಲಾಕತ್ತದ ನೋಡ."

ನೀತಾ ಡಬ್ಬಿಯನ್ನು ದೂರ ಸರಿಸಿದಳು. ಹಸಿವು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

'ಆ ವಿಡಿಯೊ' ಕೆಲವು ದಿನಗಳಿಂದ ಪುಣೆ–ಅಹಮದನಗರ ರಸ್ತೆಯುದ್ದಕ್ಕೂ ಎಲ್ಲರ ಕೈಯಲ್ಲೂ ಇತ್ತು. ಬನಿಯನ್ ತೊಟ್ಟ ಒಬ್ಬ ಅಡುಗೆಯವನು ಸಾಂಬಾರಿನ ಹಂಡೆಯಿಂದ ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿ ಎಸೆದು, ಏನೂ ಆಗದವನಂತೆ ಮತ್ತೆ ಸೌಟು ಆಡಿಸುತ್ತಾನೆ. ಇದು ಶಿರೂರಿನಲ್ಲಿ ಹೆದ್ದಾರಿ ಪಕ್ಕದ ರಘುರಾಮನ ಹೋಟೆಲು, ಹಾಸ್ಟೆಲಿನ ಹುಡುಗಿಯರು ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದ್ದು ಇಲ್ಲಿಂದ ಹೋದ ಇಡ್ಲಿ ಸಾಂಬಾರಿನಿಂದಲೇ ಎಂದು ಕೆಳಗೆ ಬರೆದಿತ್ತು. ಹುಡುಗಿಯರು ಆಸ್ಪತ್ರೆ ಸೇರಿದ್ದು ನಿಜ. ಅವರು ರಘುರಾಮನ ಹೋಟೆಲಿನ ಒಂದು ತುತ್ತೂ ತಿಂದಿರಲಿಲ್ಲ, ಕೆಟ್ಟಿದ್ದು ಹಾಸ್ಟೆಲಿನ ನೀರಿನ ಟಾಕಿ.

ನೀತಾ ತನ್ನ ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡಿದ್ದಳು. ವಿಡಿಯೊದ ಒಂದೊಂದು ಚಿತ್ರವನ್ನೂ ಬಿಡಿಸಿ ಹುಡುಕಿ, ಅದು ಬೇರೆ ರಾಜ್ಯದಲ್ಲಿ ಎಂದೋ ತೆಗೆದದ್ದೆಂದು ಪತ್ತೆ ಹಚ್ಚಿದಳು. ಅದರ ಉದ್ದನೆಯ ಮೂಲ ಪ್ರತಿಯನ್ನೂ ಸಂಪಾದಿಸಿದಳು. ಶಿರೂರಿಗೆ ಹೋಗಿ ರಘುರಾಮನ ಅಡುಗೆಮನೆಯಲ್ಲಿ ಅದೇ ಕೋನದಲ್ಲಿ ನಿಂತು ಚಿತ್ರ ತೆಗೆದು, ಒಲೆ ಬೇರೆ, ಗೋಡೆ ಬೇರೆ, ವಿಡಿಯೊದಲ್ಲಿರುವ ಕಿಟಕಿ ಇಲ್ಲಿ ಇಲ್ಲವೇ ಇಲ್ಲ ಎಂದು ತೋರಿಸಿದಳು. ಎಲ್ಲವನ್ನೂ ಬರೆದು ಹಾಕಿದ್ದೂ ಆಯಿತು. ಓದಿದವರು ಎಷ್ಟು ಮಂದಿ ಎಂದು ಕೇಳಬೇಡಿ, ಬರೆದವಳಿಗೆ ನಾಚಿಕೆಯಾಗುತ್ತದೆ. ಓದಿದ ಕೆಲವರೂ "ವಿಡಿಯೊ ಹಳೆಯದಿರಬಹುದು, ಆದರೆ ಏನೂ ಇಲ್ಲದೆ ಯಾರಾದರೂ ಸುಮ್ಮನೆ ಹಾಕುತ್ತಾರೆಯೇ" ಎಂದು ಕೇಳಿ ಮುಂದೆ ಹೋದರು. ಇದು ರಘುರಾಮನದಲ್ಲ ಎಂದಷ್ಟೇ ಹೇಳಿದರೆ ಜನರಿಗೆ ಸಮಾಧಾನವಿಲ್ಲ. ಹಾಗಾದರೆ ಯಾರದು, ಯಾರು ಮಾಡಿದ್ದು, ಹೆಸರು ಹೇಳು ಎನ್ನುತ್ತಾರೆ.

ಇವತ್ತು ಸಂಜೆ ಐದಕ್ಕೆ ಹೋಟೆಲಿಗೆ ಮೋರ್ಚಾ ಹೊರಡುವುದಿತ್ತು. ಕರೆ ಕೊಟ್ಟವನು ಭೀಮು. ಶಿರೂರಿನ ಸುದ್ದಿಯನ್ನೆಲ್ಲ ಮೊಬೈಲಿನಲ್ಲಿ ಹಿಡಿದು ತನ್ನ ಪೇಜಿಗೆ ಹಾಕುವ ಮರಾಠಿ ಹುಡುಗ. ಕೆಟ್ಟವನಲ್ಲ. ಅವನ ಅಕ್ಕನ ಮಗಳು ಆ ಹಾಸ್ಟೆಲಿನಲ್ಲೇ ಇದ್ದು, ಇನ್ನೂ ಸಲಾಯಿನ್ ಹಾಕಿಸಿಕೊಂಡು ಮಲಗಿದ್ದಳು. ವಿಡಿಯೊ ನೋಡಿ ಅವನ ರಕ್ತ ಕುದಿದಿತ್ತು, ಅಷ್ಟೇ. ರಕ್ತ ಕುದಿಯುವವರ ಹಿಂದೆ ನಡೆಯಲು ನಮ್ಮ ಊರುಗಳಲ್ಲಿ ಜನರಿಗೆ ಎಂದೂ ಬರವಿಲ್ಲ.

ಬೆಳಿಗ್ಗೆ ರಘುರಾಮನ ಹೆಂಡತಿ ಲೀಲಾಕ್ಷಿ ಫೋನಿನಲ್ಲಿ ಅತ್ತಿದ್ದರು. ನೀತಾ ಅವರಿಗೆ ಮಾತು ಕೊಟ್ಟುಬಿಟ್ಟಿದ್ದಳು: "ನಾ ಏನರ ಮಾಡ್ತೀನ್ರಿ, ಅಕ್ಕಾರ. ಹೊಟೇಲಿಗೆ ಏನೂ ಆಗೂದಿಲ್ಲ." ಪತ್ರಕರ್ತೆ ಕೊಡಬಾರದ ಮಾತು ಅದು. ಈಗ ಆ ಮಾತನ್ನು ಉಳಿಸಿಕೊಳ್ಳುವ ದಾರಿ ತಾನಾಗಿ ಕಿವಿಗೆ ಬಂದು ಬಿದ್ದಿತ್ತು. ಶಿವಪುತ್ರಪ್ಪ ಹೋಟೆಲಿನ ಪಕ್ಕದ ಖಾಲಿ ಜಾಗದ ಒಡೆಯ, ಶಿರೂರಿನಲ್ಲಿ ಧಾನ್ಯದ ವ್ಯಾಪಾರಿ. ಲಾರಿ ನಿಲ್ಲಿಸುವ ವಿಷಯಕ್ಕೆ ಅವರಿಗೂ ರಘುರಾಮನಿಗೂ ಹಳೆಯ ಜಗಳವಿತ್ತು. ಆ ಜಗಳ ಊರಿಗೆಲ್ಲ ಗೊತ್ತಿತ್ತು. ಎಲ್ಲ ಸರಿಯಾಗಿ ಕೂಡಿ ಬರುತ್ತಿತ್ತು.

ಮಾತನ್ನು ಬರೆದಿಟ್ಟುಕೊಳ್ಳಲು ಆಡಿಯೊವನ್ನು ಎರಡನೆಯ ಸಲ ಕೇಳಿದಳು. ಭಾಷೆಯಲ್ಲಿ ಒಂದು ತಪ್ಪೂ ಸಿಗಲಿಲ್ಲ. ಇಂಡಿ ಸೀಮೆಯ ಅಪ್ಪಟ ಮಾತು, ನೀತಾಳ ತಾಯಿಯ ತವರಿನದು. ನಡುನಡುವೆ ಉಸಿರು ಎಳೆದುಕೊಳ್ಳುವುದೂ ಸಹಜವಾಗಿತ್ತು. 'ನಮ್ಮ ಶಿವಪುತ್ರಪ್ಪನವ್ರ' ಎಂದು ಬರೆಯುವಾಗ ಅವಳ ಬೆರಳು ನಿಂತಿತು.

ಆ ಸೀಮೆಯ, ಆ ವಯಸ್ಸಿನ ಹೆಂಗಸು ಗಂಡನ ಹೆಸರು ಹೇಳಿಬಿಟ್ಟಳೇ?

ನೀತಾಳ ತಾಯಿ ಇಂದಿಗೂ ಯಾವ ಕಚೇರಿಯಲ್ಲಿ ಗಂಡನ ಹೆಸರು ಕೇಳಿದರೂ ಮಗಳನ್ನು ಮುಂದೆ ದೂಡುತ್ತಿದ್ದರು. ಅಜ್ಜಿಯದಂತೂ ಅತಿರೇಕ. ಗಂಡ ಮಲ್ಲಪ್ಪನೆಂದು ಆಕೆ ಮಲ್ಲಿಗೆಗೂ 'ಬಿಳಿ ಹೂವು' ಅನ್ನುತ್ತಿದ್ದಳು. ಮದುವೆಯ ದಿನ, ಬಸುರಿಗೆ ಮಾಡುವ ಕುಬಸದ ದಿನ ಎಲ್ಲರೂ ಕಾಡಿ ಬೇಡಿದರೆ ಒಡಪು ಕಟ್ಟಿ, ಆ ಪದ್ಯದ ಮರೆಯಲ್ಲಿ ಒಂದು ಸಲ ಹೆಸರು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವ ಹೆಂಗಸರು ಇವರು. ಕೆಟ್ಟ ಪದ್ಧತಿ ಎಂದು ನೀತಾ ಕಾಲೇಜಿನ ದಿನಗಳಿಂದ ಜಗಳವಾಡಿಕೊಂಡು ಬಂದಿದ್ದಳು. ಅದೇ ಪದ್ಧತಿ ಈಗ ಅವಳ ಕೈ ಹಿಡಿದು ನಿಲ್ಲಿಸಿತ್ತು.

ಅವಳು ಸಂಪಾದಕ ಸುಹಾಸರ ಮೇಜಿಗೆ ಹೋದಳು. ಧಾರವಾಡದವರು, ಸುದ್ದಿಮನೆಯಲ್ಲೇ ಕೂದಲು ಹಣ್ಣಾದವರು.

"ಹೆಸರು ಹೇಳ್ಯಾಳ ಅಂದಕೂಡ್ಲೆ ಸುಳ್ಳು ಅನ್ನಾಕ ಬರೂದಿಲ್ಲ," ಎಂದರು ಸುಹಾಸ. "ಇದು ಸಾಕ್ಷಿ ಅಲ್ಲವ್ವಾ, ನಿನ್ನ ಅನುಮಾನ. ಆದ್ರ ಅನುಮಾನ ಇದ್ದಾಗ ಬರಿಯಾಕೂ ಬರೂದಿಲ್ಲ. ಅಕೀನ್ನ ಕೇಳೀಯೇನು?"

"ಇಲ್ರೀ ಸರ್."

"ಮತ್ತ ಇಲ್ಲಿ ಏನ್ ಮಾಡಾಕತ್ತಿ? ಹೋಗು, ಎದುರು ಕೂತು ಕೇಳು. ಇದು ಸುಳ್ಳಿದ್ದು ನಾವು ಬರದ್ವಿ ಅಂದ್ರ, ಮೊನ್ನೆ ಬರದ ಖರೇದ್ದೂ ಅದರ ಕೂಡನ ಹೋತು."

ಕ್ಯಾಬ್ ಹತ್ತುವಾಗ ಅದೇ ನಂಬರಿನಿಂದ ಮತ್ತೊಂದು ಸಾಲು ಬಂತು. 'ನಾಲ್ಕು ಗಂಟೆಯೊಳಗೆ ಹಾಕಿ. ಇಲ್ಲದಿದ್ದರೆ ಎಲ್ಲ ಗ್ರೂಪಿಗೂ ನಾವೇ ಬಿಡುತ್ತೇವೆ.' ನೀತಾ ಫೋನ್ ಮಾಡಿದರೆ ಆ ಕಡೆಯವರು ಎತ್ತಲಿಲ್ಲ. ವಾಘೋಲಿಯಲ್ಲಿ ಟ್ರಾಫಿಕ್ಕು ಎಂದಿನಂತೆ ಗಟ್ಟಿಯಾಗಿ ಕೂತಿತ್ತು. ಡ್ರೈವರನು ಹಾರ್ನ್ ಬಡಿಯುವುದನ್ನೂ ಬಿಟ್ಟು ಗುಟಕಾ ಚೀಟಿ ಹರಿಯುತ್ತಿದ್ದ. ನೀತಾ ಮನಸ್ಸಿನಲ್ಲೇ ಮುಂದಿನ ಕಂಟೇನರ್ ಲಾರಿಗೂ, ಅದನ್ನು ಕಟ್ಟಿದವನಿಗೂ, ಈ ರಸ್ತೆಯನ್ನು ಹೀಗೆ ಬಿಟ್ಟವರಿಗೂ ಬಾಯಿಗೆ ಬಂದಂತೆ ಬೈದಳು.

ಶಿಕ್ರಾಪುರ ದಾಟುವಾಗ ಲೀಲಾಕ್ಷಿಯ ಫೋನು.

"ಎಂತ ಆಯ್ತು ನೀತಾ? ಇವರು ಗಲ್ಲಾದ ಹತ್ರ ಸುಮ್ಮನೆ ಕೂತಿದ್ದಾರೆ ಮಾರಾಯ್ತಿ, ಶಟರ್ ಎಳೀಲಿಕ್ಕೂ ಬಿಡುದಿಲ್ಲ. ತಪ್ಪು ಮಾಡದವ ಯಾಕೆ ಬಾಗಿಲು ಹಾಕ್ಬೇಕು ಅಂತ ಹಠ. ಹೊರಗೆ ಪೊಲೀಸಿನವರು ಇಬ್ಬರು ಇದ್ದಾರೆ, ಅವರೇ ಹೆದರಿದ ಹಾಗೆ ಕಾಣ್ತದೆ. ನಮ್ಮ ಅಕ್ಷಯ ಒಬ್ಬ ಧೈರ್ಯ ಹೇಳ್ತಿದ್ದಾನೆ. ದೊಡ್ಡಮ್ಮ, ನಾಲ್ಕು ಗಂಟೆ ಕಳೀಲಿ, ಎಲ್ಲ ತಿರುಗ್ತದೆ ಅಂತ."

"ನಾಲ್ಕು ಗಂಟೆ ಅಂದ್ನಾ?"

"ಹೌದು. ಯಾಕೆ?"

"ಏನಿಲ್ರಿ," ಎಂದಳು ನೀತಾ. ಅಕ್ಷಯ ರಘುರಾಮನ ತಮ್ಮನ ಮಗ, ಹಿಂಜವಾಡಿಯ ಯಾವುದೋ ಕಂಪನಿಯಲ್ಲಿ ಕೆಲಸ. ಈ ದಂಪತಿಗೆ ಮಕ್ಕಳಿಲ್ಲ, ಅವನೇ ಎಲ್ಲ. ಅವಳು ನಂಬರನ್ನು ನೋಡಿದಳು, ಗಡಿಯಾರವನ್ನು ನೋಡಿದಳು, ಡ್ರೈವರನಿಗೆ ಇನ್ನೊಂದು ಚೂರು ಜೋರಾಗಿ ಓಡಿಸಲು ಹೇಳಿದಳು.

ಶಿವಪುತ್ರಪ್ಪನ ಅಂಗಡಿ ಪೇಟೆಯ ತಿರುವಿನ ಆಚೆಗಿತ್ತು, ಮನೆ ಅದರ ಮೇಲೆ. ಗಂಡ ಗೋದಾಮಿನಲ್ಲಿದ್ದರು. ಹೆಂಡತಿ ಬಸವಣ್ಣೆವ್ವ ಒಬ್ಬರೇ ಕೂತು ಒರಳಿನಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುತ್ತಿದ್ದರು. ನೀತಾ ತಾನು ಪೇಪರಿನವಳು ಎಂದು ಮೊದಲೇ ಹೇಳಿದಳು. ಅದಕ್ಕಿಂತ ಅವಳ ತಾಯಿ ಇಂಡಿಯವರು ಎಂಬುದೇ ಆ ಮನೆಯಲ್ಲಿ ದೊಡ್ಡ ಸುದ್ದಿಯಾಯಿತು.

"ಇಂಡ್ಯಾಗ ಯಾರ ಪೈಕಿ ತಂಗಿ? ಬಾ, ಕುಂದ್ರು. ಬಿಸಲಾಗ ಬಂದಿ, ಮದಲ ನೀರ ಕುಡಿ."

ಆಡಿಯೊದ ದನಿಯೇ. ಚೂರೂ ವ್ಯತ್ಯಾಸವಿಲ್ಲ. ನೀತಾಳ ಅನುಮಾನ ಅಲುಗಾಡಿತು. ನೀರು ಕುಡಿದು, ಆದಷ್ಟು ಸಹಜವಾಗಿ ಕೇಳಿದಳು:

"ಕಾಕೂ, ಬರಕೋಬೇಕಾಗ್ಯದ. ನಿಮ್ಮ ಯಜಮಾನ್ರ ಹೆಸರೇನ್ರಿ?"

ಬಸವಣ್ಣೆವ್ವ ನಕ್ಕು ಕಿಟಕಿಯ ಕಡೆ ಕೈ ತೋರಿಸಿದರು. "ಕೆಳಗ ಅಷ್ಟ್ ದೊಡ್ಡ ಬೋರ್ಡ್ ಹಾಕಸ್ಯಾರಲ್ಲ ಯವ್ವಾ. ಓದಕೋ."

"ಬೋರ್ಡ್ ನೋಡೀನ್ರಿ. ನಿಮ್ಮ ಬಾಯಿಂದ ಒಮ್ಮೆ ಹೇಳ್ರಿ."

"ಏ ಹುಚ್ಚಿ! ನಿಮ್ಮವ್ವ ಹೇಳತಾಳೇನ? ಬ್ಯಾಂಕಿನ ಸಾಹೇಬ ಕೇಳಿ ಕೇಳಿ ಸಾಕಾಗಿ, ನಮ್ಮ ಮಾಂತೂನ್ನ ಅಂಗಡ್ಯಾಗಿಂದ ಕರಸಿದ. ಬ್ಯಾರೆ ಏನ್ ಕೇಳತಿ ಕೇಳ, ಅದೊಂದ ಬಿಟ್ಟ."

ಮಾಂತು ಅವರ ಮಗ. ಬಸವಣ್ಣೆವ್ವನ ಕಿವಿಯ ತುದಿ ನಿಜವಾಗಿಯೂ ಕೆಂಪಾಗಿತ್ತು. ನಟನೆಯಲ್ಲಿ ಅದು ಬರುವುದಿಲ್ಲ. ನೀತಾ ಇನ್ನೊಂದೇ ಪ್ರಶ್ನೆ ಕೇಳಿದಳು: ಈಚೆಗೆ ಯಾರಾದರೂ ಬಂದು ಅವರ ಮಾತನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿದ್ದಾರೆಯೇ?

"ಹೊಟೇಲ್‌ನವ್ರ ಹುಡುಗ ಬಂದಿದ್ದ ಮೊನ್ನಿ, ಅಕ್ಷಯ. ಅಜ್ಜೀ, ಶೇಂಗಾ ಹೋಳಿಗಿ ಹೆಂಗ ಮಾಡೂದು ಹೇಳ್ರಿ, ಯೂಟ್ಯೂಬಿಗೆ ಹಾಕ್ತೀನಿ ಅಂದ. ಕಣಕ ನಾದೂದರಿಂದ ಹಿಡದು ತುಪ್ಪಾ ಸವರೂ ತನಕಾ ಹೇಳೀನಿ. ಇವ್ರು ಬೈದ್ರು ನನಗ, ಆ ಮನಿಯವ್ರ ಜೋಡಿ ನಮ್ಮದು ಜಗಳ ಅದ, ನೀ ಹೋಳಿಗಿ ಕಲಸಾಕ ಕುಂತೀಯಲ್ಲ ಅಂತ. ಹುಡುಗನ ಮ್ಯಾಲೆ ಎಂಥಾ ಜಗಳ, ಅಂದೆ ನಾ." ಅವರು ಹಿಂಡಿಯ ಒಂದು ಚಿಟಿಕೆ ನೀತಾಳ ಅಂಗೈಗೆ ಹಾಕಿದರು. "ಉಪ್ಪು ಸಾಕೇನ ನೋಡ."

ನೀತಾ ಮೆಟ್ಟಿಲಿಗೆ ಬಂದು ಅಕ್ಷಯನ ಸ್ವಂತ ನಂಬರಿಗೆ ಫೋನ್ ಹಚ್ಚಿದಳು. ಮಾತನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇನೆ ಎಂದು ಹೇಳಿಯೇ ಶುರು ಮಾಡಿದಳು. ಅವನು ಮೊದಲು ಸಾಹೇಬನ ಹಾಗೆ ಮಾತಾಡಿದ.

"ಪ್ರೂಫ್ ಏನಿದೆ ಮೇಡಂ ನಿಮ್ಮ ಹತ್ರ? ಎನಿಬಡಿ ಕುಡ್ ಹ್ಯಾವ್ ಸೆಂಟ್ ಇಟ್."

"ನಾ ಆ ಅಜ್ಜಿ ಮನ್ಯಾಗ ಇದ್ದೀನಿ, ಅಕ್ಷಯ. ಹೋಳಿಗಿ ಸುದ್ದಿ ಹೇಳಿದ್ರು."

ಅವನ ಸಾಹೇಬನ ದನಿ ಒಡೆಯಿತು. "ನೀವು ನಿಜ ಬರೆದ್ರಲ್ಲ, ಏನಾಯ್ತು? ಯಾರು ಓದಿದ್ರು? ದೊಡ್ಡಪ್ಪ ಊಟ ಮಾಡ್ತಿಲ್ಲ. ಅವರಿಗೆ ಏನಾದ್ರೂ ಆದ್ರೆ ನಿಮ್ಮ ಆರ್ಟಿಕಲ್ ತಗೊಂಡು ನಾನೇನು ಮಾಡ್ಲಿ? ಅವರು ಒಂದು ಸುಳ್ಳು ಬಿಟ್ರು, ನಾನೊಂದು ಬಿಟ್ಟೆ. ಈಗ ಈಕ್ವಲ್."

"ಇವರು ಬಿಟ್ಟಿಲ್ಲ. ಯಾರು ಬಿಟ್ರು ಅಂತ ನಮಗ ಯಾರಿಗೂ ಗೊತ್ತಿಲ್ಲ. ಕಳಸಬ್ಯಾಡ ಅದನ್ನ. ಕೈ ಮುಗೀತೀನಿ."

"ಕಳಿಸಿಬಿಟ್ಟೆ," ಅಂದ ಅಕ್ಷಯ. "ಐದಾಗ್ತಾ ಬಂತು, ನೀವು ಹಾಕಲ್ಲ ಅಂತ ಗೊತ್ತಾಯ್ತು. ಆಗಲೇ ಕಳಿಸಿಬಿಟ್ಟೆ."

ಫೋನ್ ಕಿವಿಯಲ್ಲಿರುವಂತೆಯೇ ಕೆಳಗಿನಿಂದ ಶಿವಪುತ್ರಪ್ಪ ಮೆಟ್ಟಿಲು ಹತ್ತಿ ಬಂದರು. ದಪ್ಪ ಮೀಸೆ, ಬಿಳಿ ಟೋಪಿ, ಕೈಯಲ್ಲಿ ಮಗನ ಮೊಬೈಲು. ಮುಖ ಬೂದಿಯಾಗಿತ್ತು. ಅವರು ನೀತಾಳನ್ನು ನೋಡಲೇ ಇಲ್ಲ. ಒಳಗೆ ಹೋಗಿ ಹೆಂಡತಿಯ ಮುಂದೆ ಮೊಬೈಲು ಹಿಡಿದರು. ಬಸವಣ್ಣೆವ್ವ ತಮ್ಮದೇ ದನಿ ಕೇಳಿದರು. ಒನಕೆ ಕೈಯಿಂದ ಜಾರಿತು.

"ನಾ ಅಲ್ರೀ. ಆಣಿಗೂ ನಾ ಅಲ್ಲ."

"ಗೊತ್ತದ," ಎಂದರು ಶಿವಪುತ್ರಪ್ಪ. "ಲಗ್ನ ಆದಾಗಿಂದ ನನ್ನ ಹೆಸರು ನಿನ್ನ ಬಾಯಾಗ ಕೇಳಿಲ್ಲ ನಾ. ಇವತ್ತ ಕೇಳಿದೆ, ಅದೂ ಹಿಂಗ."

ಅಷ್ಟರಲ್ಲಿ ಮತ್ತೆ ಲೀಲಾಕ್ಷಿಯ ಫೋನು. ಈ ಸಲವೂ ಅಳುತ್ತಿದ್ದರು, ಆದರೆ ಅದು ಬೇರೆ ಅಳು.

"ಹೋದ್ರು ನೀತಾ! ಅರ್ಧಕ್ಕೆ ತಿರುಗಿ ಹೋದ್ರು! ಎಂತದೋ ಆಡಿಯೊ ಬಂತಂತೆ, ಆ ಶಿವಪುತ್ರಪ್ಪನೇ ಎಲ್ಲ ಮಾಡಿಸಿದ್ದಂತೆ. ದೇವರು ದೊಡ್ಡವ. ಇವರು ಎದ್ದು ಕಾಫಿ ಕೇಳಿದ್ರು, ಮಾರಾಯ್ತಿ. ನೀನು ಮಾತು ಉಳಿಸಿಕೊಂಡೆ."

ಹಾಗೆನ್ನುವ ಹೊತ್ತಿಗೇ ಬೀದಿಯ ಕೊನೆಯಿಂದ ಘೋಷಣೆ ಕೇಳಿಸತೊಡಗಿತು. ಒಂದು ಕಿವಿಯಲ್ಲಿ ಲೀಲಾಕ್ಷಿಯ ಸಂತೋಷ, ಇನ್ನೊಂದು ಕಿವಿಯಲ್ಲಿ ಶಿವಪುತ್ರಪ್ಪನ ಹೆಸರು. ನೀತಾ ಫೋನ್ ಇಟ್ಟು, ಪೊಲೀಸ್ ಠಾಣೆಗೆ ಕರೆ ಮಾಡಿದಳು. ಜೀಪು ಹೋಟೆಲಿನ ಕಡೆ ಹೋಗಿದೆ, ತಿರುಗಿಸಿ ಕಳಿಸುತ್ತೇವೆ ಎಂಬ ಉತ್ತರ ಬಂತು. ಬಸವಣ್ಣೆವ್ವ ಬಾಗಿಲು ಹಾಕಲು ಎದ್ದರು.

"ನೀವು ಒಳಗ ಇರ್ರಿ ಕಾಕೂ. ನಾ ಮಾತಾಡ್ತೀನಿ," ಎಂದು ನೀತಾ ಕೆಳಗಿಳಿದಳು. ಧೈರ್ಯ ಎಲ್ಲಿಂದ ಬಂತೆಂದು ಅವಳಿಗೂ ತಿಳಿಯದು. ಬಹುಶಃ ಅದು ಧೈರ್ಯವಲ್ಲ, ಸಿಟ್ಟು.

ಗುಂಪು ಅಂಗಡಿಯ ಮುಂದೆ ನಿಂತಿತ್ತು. ನಡುವೆ ಲೌಡ್‌ಸ್ಪೀಕರ್ ಕಟ್ಟಿದ ಒಂದು ಆಟೊ, ಅದರ ಪಕ್ಕ ಮೈಕು ಹಿಡಿದ ಭೀಮು. ಹಿಂದಿನವರು ಇನ್ನೂ ತಿರುವಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಮುಂದೆ ಬರುತ್ತಿದ್ದರು. ಅಂಗಡಿಯ ಕಟ್ಟೆಯ ಮೇಲೆ ನಿಂತು ನೀತಾ ಮರಾಠಿಯಲ್ಲಿ ಕೂಗಿ ಹೇಳಿದಳು. ಆಡಿಯೊ ಸುಳ್ಳು, ಈ ತಾಯಿಯ ದನಿಯನ್ನು ಕದ್ದು ಯಂತ್ರದಲ್ಲಿ ಮಾಡಿದ್ದು, ಈ ಮನೆಯವರಿಗೂ ವಿಡಿಯೊಗೂ ಸಂಬಂಧವಿಲ್ಲ.

"ಹಾಗಾದರೆ ಮಾಡಿದವರು ಯಾರು?" ಎಂದು ಭೀಮು ಕೇಳಿದ. ಅವನ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. "ಮೊನ್ನೆ ಹೋಟೆಲಿನವರಲ್ಲ ಎಂದಿರಿ, ಇವತ್ತು ಇವರಲ್ಲ ಎನ್ನುತ್ತೀರಿ. ನನ್ನ ಅಕ್ಕನ ಮಗಳು ಅಲ್ಲಿ ಸುಮ್ಮನೆ ಮಲಗಿದ್ದಾಳೆಯೇ? ಒಂದು ಹೆಸರು ಹೇಳಿ, ನಾವು ಹೋಗುತ್ತೇವೆ."

"ಹೆಸರು ಹೇಳಿ!" ಎಂದು ಗುಂಪು ಕೂಗಿತು.

ಹೆಸರು ಅವಳ ನಾಲಿಗೆಯ ಮೇಲೇ ಇತ್ತು. ಅಕ್ಷಯ ಒಪ್ಪಿಕೊಂಡ ಮಾತು ಫೋನಿನಲ್ಲಿತ್ತು. ಆ ಒಂದು ಹೆಸರು ಹೇಳಿದರೆ ಇಷ್ಟೂ ಜನ ಬಂದ ದಾರಿಯಲ್ಲೇ ತಿರುಗಿ, ಈಗಷ್ಟೇ ಕಾಫಿ ಕೇಳಿದ ರಘುರಾಮನ ಬಾಗಿಲಿಗೆ ಹೋಗುತ್ತಾರೆ. ಆ ಬಾಗಿಲಿಗೆ ಶಟರೂ ಎಳೆದಿಲ್ಲ. ಬರೆಯುವುದು ಬೇರೆ, ಕೈಯಲ್ಲಿ ಕಲ್ಲು ಹಿಡಿದವರಿಗೆ ಹೇಳುವುದು ಬೇರೆ. ಅಷ್ಟರಲ್ಲಿ ಮೊದಲನೆಯ ಕಲ್ಲು ಬಂದು ಬೋರ್ಡಿಗೆ ಬಡಿಯಿತು. ಮೇಲಿನಿಂದ ಬಸವಣ್ಣೆವ್ವ ಕಿರುಚಿದರು.

ಯಾರು ಎಂದು ಹೇಳಲಾಗದು, ಹೇಗೆ ಎಂದು ತೋರಿಸಬಹುದು ಅನ್ನಿಸಿತು ನೀತಾಳಿಗೆ. ಅವಳ ಫೋನಿನಲ್ಲಿ ಯಾರ ದನಿಯನ್ನಾದರೂ ನಕಲು ಮಾಡುವ ಆ್ಯಪ್ ಇತ್ತು. ಸುಳ್ಳು ಪತ್ತೆ ಹಚ್ಚುವವರು ಅದು ಹೇಗೆ ನಡೆಯುತ್ತದೆಂದು ತಿಳಿಯಲು ಇಟ್ಟುಕೊಂಡಿರುತ್ತಾರೆ. ಆದರೆ ತೋರಿಸುವುದಕ್ಕೂ ಸುಳ್ಳನ್ನು ತಯಾರಿಸಬಾರದು ಎಂಬುದು ಸುಹಾಸರ ಕಚೇರಿಯ ಕಟ್ಟುನಿಟ್ಟಿನ ನಿಯಮ. ಆ ನಿಯಮ ಮಾಡಿದವರು ಹೀಗೆ ಕಟ್ಟೆಯ ಮೇಲೆ ನಿಂತಿರಲಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಭೀಮುವಿನ ಭಾಷಣಗಳು ಅವನ ಪೇಜಿನ ತುಂಬ ಇದ್ದವು. ಒಂದನ್ನು ಆ್ಯಪಿಗೆ ಉಣಿಸಿ, ಎರಡು ಸಾಲು ಮರಾಠಿ ಬರೆದಳು.

"ಮೈಕು ಕೊಡಿ," ಎಂದಳು. "ಯಂತ್ರ ಏನು ಮಾಡುತ್ತದೆ ಎಂದು ಕೇಳಿ."

ಭೀಮು ಕೊಟ್ಟ. ಹೆಸರು ಹೇಳುತ್ತಾಳೆ ಎಂದುಕೊಂಡಿದ್ದನೋ ಏನೋ. ಅವಳು ಫೋನನ್ನು ಮೈಕಿಗೆ ಹಿಡಿದಳು. ಲೌಡ್‌ಸ್ಪೀಕರಿನಿಂದ ಭೀಮುವಿನ ದನಿ ಬೀದಿಯ ತುಂಬ ಹರಡಿತು, ಅವನ ಸಿಟ್ಟು, ಅವನ ಒರಟು, ಅವನೇ:

'ಆ ಹೋಟೆಲಿನ ವಿಡಿಯೊ ಬಿಟ್ಟಿದ್ದು ನಾನೇ. ನಿಮಗೆಲ್ಲ ಮೋಸ ಮಾಡಿದೆ.'

ಮುಂದೆ ನಿಂತವರು ಬಾಯಿ ಮುಚ್ಚಿ ನಿಂತಿದ್ದ ಭೀಮುವನ್ನೂ ಸ್ಪೀಕರನ್ನೂ ಬದಲಿಸಿ ಬದಲಿಸಿ ನೋಡಿದರು. ಒಬ್ಬ ನಕ್ಕ. ಇನ್ನೊಬ್ಬ "ಅರೇ, ಭೀಮು ಮಾತೇ ಆಡಲಿಲ್ಲವಲ್ಲ" ಎಂದ. ಅರ್ಥವಾಗುತ್ತಿದೆ ಎಂದು ನೀತಾಳ ಎದೆ ಹಗುರಾಯಿತು. ಕೆಟ್ಟದ್ದೆಂದರೆ ಆ ಗಳಿಗೆಯಲ್ಲಿ ಅವಳಿಗೆ ಹೆಮ್ಮೆಯೂ ಆಯಿತು. ಭೀಮು ಅವಳ ಕಡೆ ನೋಡಿದ. ಅವನಿಗೆ ಎಲ್ಲರಿಗಿಂತ ಮೊದಲು ಅರ್ಥವಾಗಿತ್ತು. ತುಟಿ ಒಣಗಿ ಬಿಳಿಯಾಗಿತ್ತು.

"ಇದು ಸುಳ್ಳು," ಎಂದು ನೀತಾ ಮೈಕಿನಲ್ಲಿ ಹೇಳತೊಡಗಿದಳು. "ಈಗ ನಿಮ್ಮ ಕಣ್ಣೆದುರಿಗೇ ನಾನು ಮಾಡಿದ್ದು. ಆ ಅಜ್ಜಿಯ ಆಡಿಯೊ ಕೂಡ—"

ತಿರುವಿನಲ್ಲಿದ್ದವರಿಗೆ ಕಟ್ಟೆ ಕಾಣುತ್ತಿರಲಿಲ್ಲ. ಅವರಿಗೆ ಕೇಳಿದ್ದು ಭೀಮುವಿನ ದನಿ, ಆಮೇಲೆ ಯಾವಳೋ ಒಬ್ಬಳು ಏನೋ ಅಂದದ್ದು. "ಅವನೇ ಅಂತೆ! ಒಪ್ಪಿಕೊಂಡನಂತೆ!" ಎಂಬ ಕೂಗು ಹಿಂದಿನಿಂದ ಎದ್ದು ಮುಂದೆ ಬಂತು. ಗುಂಪು ಹಿಂದಿನಿಂದ ದೂಡಿತು. ಮೈಕಿನ ತಂತಿ ಯಾರದೋ ಕಾಲಿಗೆ ಸಿಕ್ಕಿ ಕಿತ್ತುಬಂತು. ಯಾರೋ ಒಬ್ಬ ಭೀಮುವಿನ ಕಾಲರಿಗೆ ಕೈ ಹಾಕಿದ. ನೀತಾ ಗಂಟಲು ಹರಿಯುವಂತೆ ಕೂಗಿದಳು. ಅವಳ ಮಾತು ಅವಳಿಗೇ ಕೇಳಿಸಲಿಲ್ಲ.

"ತಾಯಿ, ಹೇಳಿ ಅವರಿಗೆ!" ಎಂದು ಭೀಮು ಕೂಗಿದ್ದು ಮಾತ್ರ ಕೇಳಿಸಿತು. "ನಾನಲ್ಲ ಎಂದು ಹೇಳಿ!"

ಅವಳು ಕಟ್ಟೆಯಿಂದ ಜಿಗಿದು ನಡುವೆ ನುಗ್ಗಿದಳು. ಯಾರದೋ ಮೊಣಕೈ ಬಾಯಿಗೆ ಬಡಿಯಿತು. ಅಷ್ಟರಲ್ಲಿ ಪೊಲೀಸ್ ಜೀಪು ಬಂದು, ಶಿವಪುತ್ರಪ್ಪನೂ ಮಗನೂ ಇಳಿದು ಬಂದು, ಎಲ್ಲರೂ ಸೇರಿ ಭೀಮುವನ್ನು ಎಳೆದು ಜೀಪಿಗೆ ಹಾಕುವ ಹೊತ್ತಿಗೆ ಅವನ ಒಂದು ಕಣ್ಣು ಮುಚ್ಚಿಹೋಗಿತ್ತು, ಅಂಗಿಯ ತುಂಬ ರಕ್ತ. ಆಮೇಲೆ ಗುಂಪು ಕರಗಿತು. ಅಂಗಡಿ ಉಳಿಯಿತು, ಹೋಟೆಲೂ ಉಳಿಯಿತು. ಬಸವಣ್ಣೆವ್ವ ಸೆರಗಿನ ತುದಿ ಒದ್ದೆ ಮಾಡಿ ನೀತಾಳ ತುಟಿಯ ರಕ್ತ ಒರೆಸಿದರು. ಅವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.

ಅವಳು ವಿಮಾನ ನಗರ ತಲುಪುವ ಮೊದಲೇ ಹೊಸ ವಿಡಿಯೊ ತಲುಪಿತ್ತು. ಬೀದಿಯಲ್ಲಿ ಮೊಬೈಲು ಎತ್ತಿ ಹಿಡಿದಿದ್ದವರಲ್ಲಿ ಯಾರೋ ಕತ್ತರಿಸಿ ಹಾಕಿದ್ದರು. ಲೌಡ್‌ಸ್ಪೀಕರು, ಭೀಮುವಿನ ದನಿ, ಭೀಮುವಿನ ಬಿಳಿಚಿದ ಮುಖ, ಅವನ ಕಾಲರಿನ ಮೇಲೆ ಬಿದ್ದ ಕೈ. ಕಟ್ಟೆಯ ಮೇಲಿನ ಹೆಂಗಸು ಅದರಲ್ಲಿ ಎಲ್ಲೂ ಇರಲಿಲ್ಲ. ಅವಳ ಮಾತೂ ಇರಲಿಲ್ಲ. 'ಶಿರೂರಿನ ಸುಳ್ಳುಗಾರ ಕೊನೆಗೂ ಒಪ್ಪಿಕೊಂಡ' ಎಂದು ಬರೆದಿತ್ತು. ನೀತಾಳ ನಿಜಕ್ಕೆ ಸಿಗದಿದ್ದ ಜನ ಇದಕ್ಕೆ ಸಿಕ್ಕರು, ಲಕ್ಷಗಟ್ಟಲೆ.

ಸುಹಾಸ ಅದನ್ನು ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎಲ್ಲಾ ಬರಿ," ಎಂದರು. "ಅಕ್ಷಯಂದೂ ಬರಿ, ನಿಂದೂ ಬರಿ." ಅವಳು ಬರೆದಳು. ಲೀಲಾಕ್ಷಿ ಓದಿರಬೇಕು, ಅಂದಿನಿಂದ ಅವಳ ಫೋನ್ ಎತ್ತಲಿಲ್ಲ. ಉಳಿದವರು ಎಷ್ಟು ಮಂದಿ ಓದಿದರೋ.

ಮರುದಿನ ಕಚೇರಿಯ ನಂಬರಿಗೆ ಒಂದು ಕರೆ ಬಂತು. ಸುದ್ದಿ ನಿಜವೋ ಸುಳ್ಳೋ ಎಂದು ಜನ ವಿಚಾರಿಸಲೆಂದೇ ಇಟ್ಟ ನಂಬರು ಅದು. ಶಿರೂರಿನ ಆಸ್ಪತ್ರೆಯಿಂದ ಒಬ್ಬ ಹೆಂಗಸು ಮರಾಠಿಯಲ್ಲಿ ಹಿಂಜರಿದು ಮಾತಾಡುತ್ತಿದ್ದಳು.

"ನೀವು ಬಡವರಿಗೂ ನೋಡಿ ಹೇಳುತ್ತೀರಂತೆ, ಹೌದೇ ತಾಯಿ? ನನ್ನ ಮಗಳು ಇಲ್ಲಿ ಮಲಗಿದ್ದಾಳೆ. ಈಗ ಪಕ್ಕದ ಮಂಚದಲ್ಲಿ ನನ್ನ ತಮ್ಮ, ಭೀಮು. ಜನ ಬಂದು ಬಂದು ಬಾಗಿಲಲ್ಲಿ ನಿಂತು ಬೈಯುತ್ತಾರೆ. ಆ ಆಡಿಯೊ ಅವನದಲ್ಲ, ನಿಜವಾಗಿಯೂ ಅಲ್ಲ. ನನಗೆ ಓದಲು ಬರುವುದಿಲ್ಲ. ನೀವು ಸ್ವಲ್ಪ ನೋಡಿ ಹೇಳುತ್ತೀರಾ?"

"ಅವರದಲ್ಲ," ಎಂದಳು ನೀತಾ. "ನನಗೆ ಗೊತ್ತಿದೆ."

ಆ ಕಡೆ ದೀರ್ಘವಾದ ಉಸಿರು. ಕೊನೆಗೆ ಒಬ್ಬರಾದರೂ ನಂಬಿದರು ಎಂಬ ಉಸಿರು ಅದು.

"ನಿಮ್ಮ ಹೊಟ್ಟೆ ತಣ್ಣಗಿರಲಿ. ಹಾಗಾದರೆ ಮಾಡಿದವರು ಯಾರು? ಹೆಸರು ಹೇಳಿ ತಾಯಿ. ಬಾಗಿಲಲ್ಲಿ ನಿಂತವರಿಗೆ ನಾನು ಆ ಹೆಸರು ಹೇಳುತ್ತೇನೆ, ಅವರು ಹೋಗುತ್ತಾರೆ."

ನೀತಾ ಫೋನನ್ನು ಗಟ್ಟಿಯಾಗಿ ಹಿಡಿದುಕೊಂಡು ತನ್ನ ಹೆಸರು ಹೇಳಿದಳು.